ಸಮುದ್ರಕ್ಕೆ ಹೋಗದ ಬೇಸಿಗೆ

ಆ ಬೇಸಿಗೆಯಲ್ಲಿ ನಮ್ಮ ಮನೆಯವರ ಗೆಳೆಯರೊಬ್ಬರು ಹೊಸ ಟ್ರ್ಯಾಕ್ಸ್ ಗಾಡಿ ತಂದಿದ್ದರು. ಗಾಡಿ ಬಂದ ಮೇಲೆ ಎಲ್ಲಿಗಾದರೂ ಹೋಗಲೇಬೇಕಲ್ಲ. ಹಡಗಲಿ ಬಜಾರಿನ ನಮ್ಮ ಬಟ್ಟೆ ಅಂಗಡಿಯಲ್ಲಿ ಮೂವರು ಗೆಳೆಯರು ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಾ ಗೋಕರ್ಣ, ಮುರುಡೇಶ್ವರ, ಬರುವಾಗ ಜೋಗ ಎಂದು ಗೊತ್ತುಮಾಡಿಬಿಟ್ಟರು. ಮೂರೂ ಮನೆಯವರು ಹೆಂಡತಿ, ಮಕ್ಕಳು, ಹಿರಿಯರ ಸಮೇತ ಹೊರಡುವುದು. ಬೇಸಿಗೆಯಲ್ಲಿ ಜೋಗದಲ್ಲಿ ನೀರೇ ಇರುವುದಿಲ್ಲ ಎಂದು ಆ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ನಾಲ್ಕು ದಿನ ಆರಾಮ ಇದ್ದು ಬರೂಣು" ಎಂದರು ನಮ್ಮ ಮನೆಯವರು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ.

ನಾನಾಗ ಹಿತ್ತಲಲ್ಲಿ ಮಗನ ಚಡ್ಡಿ ಹಿಂಡುತ್ತಿದ್ದೆ. ಮಗಳು ಸೊಂಟದ ಮೇಲಿದ್ದಳು, ಇಳಿಸಿದರೆ ಅಳುತ್ತಿದ್ದಳು. ಆರಾಮ ಎಂಬ ಮಾತು ಕೇಳಿ ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಆಗ ನನಗೆ ಎಲ್ಲದಕ್ಕೂ ಸಿಟ್ಟೇ ಬರುತ್ತಿತ್ತು. ಹಾಲಿನವನು ತಡವಾಗಿ ಬಂದರೆ ಸಿಟ್ಟು, ಬೇಗ ಬಂದರೆ ಇನ್ನೂ ಸಿಟ್ಟು.

ಮಗನಿಗೆ ಇನ್ನೇನು ಮೂರು ತುಂಬುವುದರಲ್ಲಿತ್ತು, ಮಗಳಿಗೆ ಒಂದೂವರೆ. ಮಗ ಹಾಲು ಬಿಡುವ ಹೊತ್ತಿಗೆ ಮಗಳು ಹೊಟ್ಟೆಯಲ್ಲಿದ್ದಳು. ಅವಳು ಹುಟ್ಟಿದ ಮೇಲೆ ರಾತ್ರಿಯೂ ಹಗಲೂ ನನಗೆ ಒಂದೇ ಆಗಿ ಹೋಗಿದ್ದವು. ಮೊಲೆ ಬಾಯಲ್ಲಿಟ್ಟುಕೊಂಡೇ ಮಲಗುವ ಕೂಸು ಅದು. ನಾನು ಮಗ್ಗುಲು ಬದಲಿಸಿದರೆ ಎಚ್ಚರ, ಕೆಮ್ಮಿದರೆ ಎಚ್ಚರ. ಅವಳು ಎದ್ದು ಅತ್ತರೆ ಅಣ್ಣನೂ ಎದ್ದು ನೀರು ಕೇಳುವನು, ನೀರು ಕುಡಿಸಿದರೆ ಇನ್ನೊಂದು ಗಳಿಗೆಗೆ ಹಾಸಿಗೆ ಒದ್ದೆ. ಹಾಲು ಬಿಡಿಸಬೇಕೆಂದು ಒಮ್ಮೆ ಬೇವಿನ ಸೊಪ್ಪು ಅರೆದು ಎದೆಗೆ ಹಚ್ಚಿಕೊಂಡಿದ್ದೆ. ಮಗಳು ಬಾಯಿ ಹಾಕಿ, ಮುಖ ಕಿವುಚಿ, ನನ್ನ ಸೆರಗಿನಿಂದಲೇ ಅದನ್ನು ಒರೆಸಿ, ಮತ್ತೆ ಬಾಯಿ ಹಾಕಿದಳು. ಆ ಕೂಸಿನ ಮುಂದೆ ನಾನು ಸೋತಿದ್ದೆ.

ಮಾಗಳದ ಕಡೆಯ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ನಾನು ಟೀಚರು. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಊರು ಬರುವ ತನಕ ಸರಳಿಗೆ ತಲೆ ಕೊಟ್ಟು ಒಂದು ನಿದ್ದೆ ತೆಗೆಯುತ್ತಿದ್ದೆ. ಕಂಡಕ್ಟರ್ ನನ್ನ ಊರು ಬಂದಾಗ ಸೀಟಿನ ಕಂಬಿ ಬಡಿದು ಎಬ್ಬಿಸುತ್ತಿದ್ದ. ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಆ ನಿದ್ದೆ ಮಾತ್ರ. ಬೇಸಿಗೆ ರಜೆ ಬಂದು ಅದೂ ಹೋಯಿತು. ಶಾಲೆಯ ದಿನಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ. ನನಗೆ ರಜೆ ಬಂತೆಂದರೆ ಅದು ಅತ್ತೆಯ ರಜೆ ಎಂದು ನಮ್ಮಿಬ್ಬರ ನಡುವೆ ಮಾತಿಲ್ಲದೆಯೇ ಒಪ್ಪಂದವಾಗಿತ್ತು. ಎದುರುಮನೆಯವರು ಮಾತ್ರ ನನ್ನನ್ನು ಕಂಡಾಗಲೆಲ್ಲ, "ನಿಮಗೇನ್ ಬಿಡ್ರಿ ಟೀಚರ, ಎರಡ್ ತಿಂಗ್ಳು ಸೂಟಿ" ಎನ್ನುತ್ತಿದ್ದರು.

ಸಮುದ್ರ ನೋಡುವ ಆಸೆ ನನಗಿರಲಿಲ್ಲ ಎಂದಲ್ಲ. ಪಾಠ ಮಾಡುವಾಗ ಸಮುದ್ರದ ಮಾತು ಬಂದರೆ ಮಕ್ಕಳು, "ನೀವು ನೋಡೀರೇನ್ರಿ ಟೀಚರ?" ಎಂದು ಕೇಳುವವು. ನಾನು "ಹೊಳಿ ತುಂಬಿ ಬಂದಾಗ ಆಚೀ ದಂಡಿ ಕಾಣದಿದ್ರ ಹೆಂಗಿರ್ತೈತಿ, ಹಂಗ" ಎಂದು ದಾಟಿಸಿಬಿಡುತ್ತಿದ್ದೆ. ನೋಡಬೇಕೆಂದು ಬಹಳ ಇತ್ತು. ಆದರೆ ಆಸೆ ಪಡುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು, ನನ್ನಲ್ಲಿ ಆಗ ಅದು ಉಳಿದಿರಲಿಲ್ಲ.

ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಅದಕ್ಕೆ ಹಿಂದಿನ ಚಳಿಗಾಲದಲ್ಲಿ ತೆಲಿಗಿಯಲ್ಲಿ ನಮ್ಮಣ್ಣ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ತವರುಮನೆಯ ಕಾರ್ಯ, ಹೋಗದಿದ್ದರೆ ನಡೆಯುವುದಿಲ್ಲ. ಹರಪನಹಳ್ಳಿ ತಲುಪುವುದರೊಳಗೆ ಮಗ ವಾಂತಿ ಮಾಡಿಕೊಂಡ, ತನ್ನ ಮೈ ಮೇಲಲ್ಲ, ಪಕ್ಕದಲ್ಲಿ ಕೂತಿದ್ದ ಹಿರಿಯರ ಮಲ್ಲುಪಂಚೆಯ ಮೇಲೆ. ಪಾಪ ಅವರು, "ಇರ್ಲಿ ಬಿಡವ್ವಾ, ಮಕ್ಕಳು" ಎಂದರು, ಆದರೆ ಮುಂದಿನ ಸ್ಟಾಪಿನಲ್ಲಿ ಎದ್ದು ಹಿಂದಕ್ಕೆ ಹೋಗಿ ನಿಂತುಕೊಂಡರು. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ನೀರಿರಲಿಲ್ಲ. ಮಗಳಿಗೆ ಹಸಿವು, ಎಲ್ಲಿ ಕೂತು ಕುಡಿಸುವುದು? ಕಂಬದ ಮರೆಗೆ ನಿಂತು, ಸೆರಗು ಹೊದ್ದು, ಅವಳು ಸೆರಗನ್ನು ಕಾಲಿನಿಂದ ಒದೆಯುತ್ತಾ, ನಾನು ಮುಚ್ಚುತ್ತಾ, ಅಷ್ಟರಲ್ಲಿ ತೆಲಿಗಿ ಬಸ್ಸು ಹೊರಟೇ ಹೋಯಿತು. ನಮ್ಮ ಮನೆಯವರು ಬಸ್ಸಿನ ಹಿಂದೆ ಓಡಿದರು, ಮಗನೂ ಅಪ್ಪನ ಹಿಂದೆ ಓಡಿದ, ಅವನ ಒಂದು ಚಪ್ಪಲಿ ಅಲ್ಲೇ ಎಲ್ಲೋ ಹೋಯಿತು. ನಾವು ಮುಟ್ಟುವ ಹೊತ್ತಿಗೆ ಪೂಜೆ ಮುಗಿದು ಊಟದ ಎರಡನೆಯ ಪಂಕ್ತಿ ಏಳುತ್ತಿತ್ತು. ಅಲ್ಲಿ ಉಳಿದ ಎರಡು ದಿನ ಮಗ ಹೊಸ ಗೋಡೆಗೆಲ್ಲ ಇದ್ದಿಲಿನಿಂದ ಗೆರೆ ಎಳೆದ. ಅತ್ತಿಗೆ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಹೆಚ್ಚು ಬಿಸಿ ತಟ್ಟಿತು.

ಇದನ್ನೆಲ್ಲ ನೆನಪಿಸಿದರೆ ನಮ್ಮ ಮನೆಯವರು, "ಅದು ಬಸ್ಸು. ಇದು ನಮ್ಮ ಗಾಡಿ. ಬೇಕಾದಲ್ಲಿ ನಿಂದ್ರಸಬಹುದು" ಎಂದರು.

"ನಿಂತರ ವಾಂತಿ ನಿಲ್ತಾವೇನ್ರಿ?"

"ಅವ್ವ ಇರ್ತಾಳಲ್ಲ, ಯಾಕ ಚಿಂತಿ ಮಾಡ್ತಿ. ಸೋಮವಾರದೊಳಗ ಹೇಳ್ಬೇಕು, ಇಲ್ಲಂದ್ರ ಬ್ಯಾರೆಯವರನ್ನ ಕೂಡಿಸ್ಕೋತಾರ."

ಅವ್ವ, ಅಂದರೆ ನಮ್ಮ ಅತ್ತೆ, ಅಷ್ಟು ಹೊತ್ತು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಅವರು ಮಾತು ಕಡಿಮೆ ಆಡುವವರು. ಆಡಿದರೆ ಮುಂದಿನವರಿಗೆ ಮಾತು ಉಳಿಯುತ್ತಿರಲಿಲ್ಲ.

"ಹುಡುಗರ ಜವಳ ಆಗಿಲ್ಲ" ಎಂದರು. "ಹುಟ್ಟುಗೂದಲ ಇಟಗೊಂಡು ಹೊಳಿ ದಾಟಂಗಿಲ್ಲ. ಮನಿದೇವರ್ನ ಬಿಟ್ಟು ಬ್ಯಾರೆ ದೇವರ ಮುಂದ ನಿಲ್ಲಸಂಗಿಲ್ಲ."

ನಮ್ಮ ಮನೆದೇವರು ಕೊಟ್ಟೂರಿನಲ್ಲಿ. ಮಕ್ಕಳ ಮೊದಲ ಕೂದಲನ್ನು ಅಲ್ಲಿಯೇ ತೆಗೆಸಬೇಕು, ಅಲ್ಲಿಯವರೆಗೆ ಕತ್ತರಿ ತಾಕಿಸುವಂತಿಲ್ಲ. ಮಗನದು ಮೊದಲ ವರ್ಷದಲ್ಲೇ ಆಗಬೇಕಿತ್ತು. ಆದರೆ ಆ ಹೊತ್ತಿಗೆ ನಾನು ಮತ್ತೆ ಬಸುರಿಯಾಗಿದ್ದೆ, ತಾಯಿ ಬಸುರಿದ್ದಾಗ ಮಗುವಿನ ಜವಳ ಮಾಡುವುದಿಲ್ಲ. ಆಮೇಲೆ ಬಾಣಂತನ, ಆಮೇಲೆ ನನ್ನ ಕೆಲಸ, ಹೀಗೆ ಮುಂದೆ ಹೋಗುತ್ತಾ ಹೋಗುತ್ತಾ ಮಗನ ಕೂದಲು ಹೆಗಲಿಗೆ ಬಂದಿತ್ತು. ಸೆಕೆಗೆ ಅಂಟುತ್ತದೆ ಎಂದು ನೆತ್ತಿಯ ಮೇಲೆ ಎತ್ತಿ ರಬ್ಬರ್ ಹಾಕುತ್ತಿದ್ದೆ. ಸಂತೆಗೆ ಕರೆದುಕೊಂಡು ಹೋದರೆ ಬಳೆಗಾರ ಅವನ ಕೈ ಹಿಡಿದು ಬಳೆ ಅಳತೆ ನೋಡುತ್ತಿದ್ದ. ಹಡಗಲಿಯಿಂದ ಸಮುದ್ರದ ಕಡೆಗೆ ಯಾವ ದಾರಿ ಹಿಡಿದರೂ ತುಂಗಭದ್ರೆಯನ್ನು ದಾಟಲೇಬೇಕು. ಹಾಗಾಗಿ ಅತ್ತೆಯ ಮಾತಿಗೆ ಸುತ್ತುಬಳಸಿನ ದಾರಿಯೂ ಇರಲಿಲ್ಲ.

ನಿಜ ಹೇಳುತ್ತೇನೆ, ಅತ್ತೆ ಹಾಗೆ ಅಂದಾಗ ನನಗೆ ಹಾಯೆನಿಸಿತು. ಬೇಡ ಎನ್ನುವ ಕಷ್ಟ ನನಗೆ ತಪ್ಪಿತು. ಆದರೆ ನಮ್ಮ ಮನೆಯವರು ವ್ಯಾಪಾರದವರು, ಗಿರಾಕಿ ಒಂದು ಸೀರೆ ಬೇಡ ಎಂದರೆ ಇನ್ನೊಂದು ಬಿಡಿಸಿ ಹರವುವ ಜಾತಿ. ಮರುದಿನವೇ ಅಂಗಡಿಯಿಂದ ತೆಲಿಗಿಗೆ ಫೋನು ಮಾಡಿ ನಮ್ಮಣ್ಣನನ್ನು ಒಪ್ಪಿಸಿಬಿಟ್ಟರು. ಜವಳಕ್ಕೆ ಸೋದರಮಾವ ಬೇಕೇ ಬೇಕು. ಅವನು ಸೋಮವಾರ ಕೊಟ್ಟೂರಿಗೆ ಬರುತ್ತಾನೆ, ಇಬ್ಬರು ಮಕ್ಕಳದ್ದೂ ಕೂಡಿಯೇ ಮುಗಿಸುವುದು, ಅಂದೇ ಸಂಜೆ ಹಡಗಲಿಗೆ ವಾಪಸು, ಮಂಗಳವಾರ ನಸುಕಿನಲ್ಲಿ ಟ್ರ್ಯಾಕ್ಸ್ ಹತ್ತುವುದು. ಸಂಜೆ ಮನೆಗೆ ಬಂದು ಇದನ್ನು ಹೇಳುವಾಗ ಅವರ ಮುಖದಲ್ಲಿ ಗೆದ್ದ ಕಳೆ ಇತ್ತು. ಒಂದು ಪ್ರಯಾಣ ಬೇಡವೆಂದು ನಾನು ಕೂತಿದ್ದರೆ ಈಗ ಎರಡಾದವು.

ಅಂದಿನಿಂದ ನಮ್ಮ ಮನೆಯಲ್ಲಿ ಹೋಗುವುದೋ ಬೇಡವೋ ಎಂಬುದಕ್ಕೆ ಹೊತ್ತಿಗೊಂದು ತೀರ್ಪು. ಬೆಳಿಗ್ಗೆ ಮಕ್ಕಳು ಶಾಂತವಾಗಿ ಆಡುತ್ತಿದ್ದರೆ, ಹೋದರಾಯಿತು, ಏನಾಗುತ್ತದೆ ಎನ್ನಿಸುವುದು. ಮಧ್ಯಾಹ್ನ ಮಗ ಅಜ್ಜಿಯ ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿ ಸುಣ್ಣ ಬಾಯಿಗಿಟ್ಟುಕೊಂಡು ಕಿರುಚಾಡಿದಾಗ, ಸಾಯಲಿ ಸಮುದ್ರ ಎನ್ನಿಸುವುದು. ಸಂಜೆ ಗೆಳೆಯರ ಹೆಂಡತಿ ಒಬ್ಬರು ಬಂದು, "ಚಕ್ಕುಲಿ ನಾ ಮಾಡ್ಕೊಂಡ್ ಬರ್ತೀನ್ರಿ, ನೀವು ಶೇಂಗಾ ಹೋಳಿಗಿ ಮಾಡ್ರಿ" ಎಂದರು. ಮಕ್ಕಳನ್ನು ಎತ್ತಿಕೊಂಡು ನಿಲ್ಲುವುದೇ ದೊಡ್ಡದಾಗಿರುವಾಗ ಹೋಳಿಗೆ ಎಲ್ಲಿಂದ ಲಟ್ಟಿಸಲಿ? ಆಗಲಿ ಎಂದು ಗೋಣು ಹಾಕಿದೆ. ಇಲ್ಲ ಎನ್ನುವುದಕ್ಕಿಂತ ಗೋಣು ಹಾಕುವುದು ಸುಲಭ.

ಅವರು ಹೋದ ಮೇಲೆ ನಮ್ಮ ಮನೆಯವರ ಮೇಲೆ ಹರಿಹಾಯ್ದೆ.

"ನಂಗ ಸಮುದ್ರ ಬ್ಯಾಡ್ರಿ. ಒಂದ್ ದಿನ ಬಾಗಲ ಹಾಕ್ಕೊಂಡು ಮಲಗಬೇಕು. ಅಷ್ಟ."

ಅವರು ನಕ್ಕರು. "ಮಲಗಾಕಂತ ಯಾರರ ಊರಿಗೆ ಹೋಗೋದು ಬಿಡ್ತಾರನು? ಅಲ್ಲೇ ಲಾಡ್ಜಿನ್ಯಾಗ ಮಲಗು."

"ನಿಮ್ಮ ಮಗಳನ್ನ ಯಾರ ಎದಿ ಮ್ಯಾಲ ಹಾಕ್ಲಿ?"

ಅವರ ನಗು ನಿಂತಿತು. ಕೆಟ್ಟ ಮನುಷ್ಯರಲ್ಲ. ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಜಾರು ಸುತ್ತಿಸುವರು, ಮಗಳ ಮೂಗು ಒರೆಸುವರು. ಆದರೆ ಮಗಳು ರಾತ್ರಿ ಕೇಳುವುದು ಅವರ ಬಳಿ ಇರಲಿಲ್ಲ. ಅವರು ನಿದ್ದೆ ಮಾಡುತ್ತಿದ್ದರು, ನಾನು ಅವರು ನಿದ್ದೆ ಮಾಡುವುದನ್ನು ನೋಡುತ್ತಾ ಕೂಸಿಗೆ ಹಾಲೂಡುತ್ತಿದ್ದೆ. ಆ ಎರಡು ವರ್ಷ ನನ್ನ ಗಂಡನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಅಷ್ಟೇ, ಅವರ ಗೊರಕೆಯ ಮೇಲಿನ ಹೊಟ್ಟೆಕಿಚ್ಚು.

ಶನಿವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಹೆಂಚಿನ ಮೇಲೆ ಒಂದು ರೊಟ್ಟಿ ಹಾಕಿ, ನೀರು ಸವರಿ, ಗೋಡೆಗೆ ಒರಗಿದ್ದು ನೆನಪಿದೆ. ಆಮೇಲೆ ಯಾರೋ ನನ್ನ ತೋಳು ಹಿಡಿದು ಅಲುಗಿಸುತ್ತಿದ್ದರು. ಅಡುಗೆಮನೆ ತುಂಬ ಹೊಗೆ, ರೊಟ್ಟಿ ಕರಕಾಗಿ ಹೆಂಚಿಗೆ ಕಚ್ಚಿಕೊಂಡಿತ್ತು. ಮಗಳು ನನ್ನ ತೊಡೆಯ ಮೇಲೆ ಏರಿ ಕುಪ್ಪಸದ ಗುಂಡಿ ತಾನೇ ಬಿಚ್ಚಿ ಕುಡಿಯುತ್ತಿದ್ದಳು. ಅವಳ ಕಾಲಿಗೂ ಒಲೆಗೂ ಒಂದು ಗೇಣು ಸಂದು. ಅತ್ತೆ ಮೊದಲು ಅವಳನ್ನು ಎತ್ತಿ ಆಚೆ ಇಳಿಸಿದರು, ಆಮೇಲೆ ಒಲೆ ಆರಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಅತ್ತೆ ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಹೆಂಚಿನಿಂದ ಕರಕಲು ಕೆರೆಯುತ್ತಾ ಹೇಳಿದರು, "ಜವಳಕ್ಕ ನೀ ಬರಬ್ಯಾಡ."

"ಯಾಕ್ರಿ ಅತ್ತಿ?"

"ಕೂಸಿಗೆ ಹಾಲು ಬಿಡಸೂಣು. ನೀ ಎದುರಿಗಿದ್ರ ಅದು ಬಿಡಂಗಿಲ್ಲ. ಕೊಟ್ಟೂರಾಗ ಜವಳ ಮುಗಿಸ್ಕೊಂಡು ಹಂಗ ಕೂಡ್ಲಿಗಿಗೆ ಮಗಳ ಮನಿಗೆ ಹೋಗ್ತೀನಿ, ಎರಡೂ ಹುಡುಗರನ್ನ ಕರಕೊಂಡು. ಒಂದ್ ವಾರ ಇದ್ದು ಬರ್ತೀನಿ. ಅಷ್ಟ್ರಾಗ ಮರೀತೈತಿ."

"ತಾಯಿ ಇಲ್ದ ಜವಳ ಹೆಂಗ ಆಗತೈತ್ರಿ? ಮಂದಿ ಏನಂತಾರ?"

"ಕೂಸು ಕೂಡೋದು ಸೋದರಮಾವನ ತೊಡಿ ಮ್ಯಾಲ. ಮದ್ಲು ಕತ್ತರಿ ಹಾಕಾಂವ ಅವ. ಹೊಸಾ ಅರಿವಿ ತರಾಂವ ಅವ. ತಾಯಿಗೆ ಅಲ್ಲೇನು ಕೆಲಸ? ನಿಂತು ಅಳೋದು. ಅದನ್ನ ಮನ್ಯಾಗ ಮಾಡು."

ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದ ತಮ್ಮ ಮಗನಿಗೂ ಅತ್ತೆಯೇ ಹೇಳಿದರು. ನಮ್ಮ ಮನೆಯವರು ಬಾಯಿಗೆ ಒಯ್ದ ತುತ್ತು ಹಾಗೆಯೇ ಹಿಡಿದುಕೊಂಡರು. ಅವರಿಗೆ ನಿರಾಸೆಯಾಯಿತೆಂದು ಕಂಡಿತು, ನನ್ನನ್ನು ಸಮುದ್ರದ ಮುಂದೆ ನಿಲ್ಲಿಸಬೇಕೆಂದು ಅವರಿಗೆ ಮನಸ್ಸಿತ್ತು. ಕೊನೆಗೆ, "ಹಂಗಾರ ನಾನೂ ಹೋಗಂಗಿಲ್ಲ. ಜವಳ ಮುಗಿಸ್ಕೊಂಡು ಸೋಮವಾರ ಸಂಜಿಕ ಮನಿಗೆ ಬರ್ತೀನಿ, ಆಕಿ ಒಬ್ಬಾಕೀನ ಆಗ್ತಾಳ" ಎಂದರು.

"ಯಾಕ? ನೀ ಬಂದ್ರ ಆಕಿ ಎದ್ದು ನಿನಗ ಚಾ ಕಾಸ್ಬೇಕು, ರೊಟ್ಟಿ ಬಡೀಬೇಕು" ಎಂದರು ಅತ್ತೆ. "ಕೊಟ್ಟೂರಿಂದ ಬಂದಾಂವ ನಿನ್ನ ಗೆಳ್ಯಾನ ಮನ್ಯಾಗ ಮಲಕ್ಕೋ. ಹಂಗ ಸಮುದ್ರ ನೋಡ್ಕೊಂಡು ಬಾ. ಆಕೀನ ಬಿಡು."

ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ಮಜ್ಜಿಗೆ ಬಡಿಸಿದೆ. ಹೀಗೆ ನಮ್ಮ ಕುಟುಂಬದ ಪ್ರವಾಸ ನಿಶ್ಚಯವಾಯಿತು. ಎಲ್ಲರೂ ಹೋಗುವುದು, ನಾನು ಉಳಿಯುವುದು.

ಮೊದಲು ಬಂದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಒಂದು ವಾರದ ನಿದ್ದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ಬಾಯಲ್ಲಿ ನೀರೂರುತ್ತಿತ್ತು. ಆದರೆ ಭಾನುವಾರ ಮಗಳ ಅಂಗಿಗಳನ್ನು ಮಡಿಸಿ ಚೀಲಕ್ಕೆ ಹಾಕುವಾಗ ಕೈ ನಿಧಾನವಾಯಿತು. ಬಿಡಿಸಬೇಕು, ಬಿಡಿಸಬೇಕು ಎಂದು ದಿನಾ ಗೊಣಗುತ್ತಿದ್ದವಳು ನಾನೇ. ಆ ಕೂಸು ಕುಡಿಯುವಾಗ ಒಂದು ಕೈಯಿಂದ ನನ್ನ ಕಿವಿಯ ಓಲೆ ತಿರುಗಿಸುತ್ತಿತ್ತು. ಕಿವಿ ನೋಯುತ್ತಿತ್ತು, ಕೈ ಸರಿಸುತ್ತಿದ್ದೆ, ಮತ್ತೆ ಬರುತ್ತಿತ್ತು. ಇನ್ನು ಆ ಕೈ ಬರುವುದಿಲ್ಲ ಎನ್ನಿಸಿತು. ಅಡುಗೆಮನೆಗೆ ಹೋಗಿ, "ಬ್ಯಾಡ್ರಿ ಅತ್ತಿ, ಇನ್ನಾ ಸ್ವಲ್ಪ ದಿನ ಕುಡೀಲಿ" ಎಂದೆ.

"ಆತು, ಬ್ಯಾಡ" ಎಂದರು ಅವರು, ತಿರುಗಿ ಕೂಡ ನೋಡದೆ. "ಇನ್ನೊಂದ್ ವರ್ಷ ಕುಡಸು."

ನಾನು ಬಾಗಿಲಲ್ಲಿ ನಿಂತೆ. ಇನ್ನೊಂದು ವರ್ಷ ಎಂಬುದನ್ನು ಎಣಿಸಿ ನೋಡಿದೆ, ರಾತ್ರಿ ರಾತ್ರಿಯಾಗಿ. ಮತ್ತೆ ಹೋಗಿ ಅಂಗಿಗಳನ್ನು ಮಡಿಸಿದೆ.

ಸೋಮವಾರ ಹಗರಿಬೊಮ್ಮನಹಳ್ಳಿಗೆ ಹೋಗುವ ಮೊದಲ ಬಸ್ಸಿಗೆ ಹೊರಡಬೇಕು, ಅಲ್ಲಿಂದ ಕೊಟ್ಟೂರಿನ ಬಸ್ಸು. ನಮ್ಮ ಮನೆಯವರು ಮಗನಿಗೆ ಶರಾಯಿ ಹಾಕಿ, ಚೀಲಗಳನ್ನು ಬಾಗಿಲಿಗೆ ತಂದಿಟ್ಟಿದ್ದರು. ನಾನು ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕುಡಿಸುತ್ತಿದ್ದೆ. ಅವಳಿಗೆ ಅರೆನಿದ್ದೆ. ಬಸ್ಸಿಗೆ ಹೊತ್ತಾಯಿತು ಎಂದು ನಮ್ಮ ಮನೆಯವರು ಎರಡು ಸಲ ಅಂದರು. ಅತ್ತೆ ಕಟ್ಟೆಯ ಮೇಲೆ ಕೂತೇ ಇದ್ದರು, ಏಳಲಿಲ್ಲ.

"ಅದರ ಹಿಂದ ಇನ್ನೊಂದ್ ಬಸ್ಸೈತಿ" ಎಂದರು ನನಗೆ. "ಕುಡಸು."

ಆ ಬಸ್ಸು ಹೋಯಿತು. ಆಮೇಲೆ ಮಗಳು ತಾನಾಗಿಯೇ ಬಾಯಿ ಬಿಟ್ಟಳು. ಅತ್ತೆ ಅವಳನ್ನು ಹೆಗಲಿಗೆ ಹಾಕಿಕೊಂಡು, ಹೊರಡುವ ಮುಂಚೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು, "ಹೂವಿನ ತ್ವಾಟದಾಕಿಗೆ ಹೇಳೀನಿ, ದಿನಾ ಮಲ್ಲಿಗಿ ಮೊಗ್ಗು ಕೊಟ್ಟು ಹೋಗ್ತಾಳ. ಹಸೀ ಅರಿವ್ಯಾಗ ಹಾಕಿ ಎದಿಗೆ ಬಿಗಿಯಾಗಿ ಕಟ್ಟಿಕೋ, ಹಾಲು ಬತ್ತತಾವ. ಬಾಡಿದ ಮ್ಯಾಲ ಬದಲ್ ಮಾಡು. ಹಾಲು ಹಿಂಡಬ್ಯಾಡ, ಹಿಂಡಿದ್ರ ಮತ್ತ ಬರ್ತಾವ. ನೋವು ಆಗತೈತಿ, ತಡಕೋ. ನನಗೂ ಹಿಂಗ ಮಾಡಿದ್ರು."

ಅವರು ಓಣಿ ತಿರುಗಿದ ಮೇಲೆ ನಾನು ಬಾಗಿಲು ಹಾಕಿ ಚಿಲಕ ಜಡಿದೆ. ಚಾಪೆ ಹಾಸಲಿಲ್ಲ, ತಲೆದಿಂಬು ತರಲಿಲ್ಲ. ಪಡಸಾಲೆಯ ಕಲ್ಲಿನ ಮೇಲೆ ಹಾಗೆಯೇ ಅಡ್ಡಾದೆ. ಎದ್ದಾಗ ಬಿಸಿಲು ಪಶ್ಚಿಮದ ಗೋಡೆಗೆ ಬಂದಿತ್ತು. ಎಲ್ಲೋ ಒಂದು ಕೂಸು ಅಳುತ್ತಿತ್ತು. ನಾನು ದಡಬಡಿಸಿ ಎದ್ದು ತೊಟ್ಟಿಲ ಹತ್ತಿರ ಹೋಗಿಬಿಟ್ಟಿದ್ದೆ. ಪಕ್ಕದ ಮನೆಯ ಕೂಸು. ಆದರೆ ನನ್ನ ಎದೆಗೆ ಅದು ಯಾರ ಕೂಸೆಂದು ಗೊತ್ತಾಗಬೇಕಲ್ಲ, ಕುಪ್ಪಸ ಮುಂದೆ ತೊಯ್ದು ಸೀರೆಗೂ ಇಳಿದಿತ್ತು.

ಸಂಜೆಯ ಹೊತ್ತಿಗೆ ಎದೆ ಕಲ್ಲಾಯಿತು. ತೋಳು ಎತ್ತಿದರೆ ಕಂಕುಳವರೆಗೂ ಸೆಳೆತ, ಮೈ ಕಾದಿತು. ಹೂವಿನ ತೋಟದಾಕೆ ಮುತ್ತುಗದ ಎಲೆಯ ಪೊಟ್ಟಣದಲ್ಲಿ ಮೊಗ್ಗು ತಂದುಕೊಟ್ಟು, ಏನೂ ಕೇಳದೆ ಹೋದಳು. ಅತ್ತೆ ಹೇಳಿದ ಹಾಗೆ ಹಸಿ ಬಟ್ಟೆಯಲ್ಲಿ ಕಟ್ಟಿಕೊಂಡೆ. ಮೊದಲು ತಣ್ಣಗೆ ಅನ್ನಿಸಿತು, ಆಮೇಲೆ ಮೈಯ ಕಾವಿಗೆ ಮೊಗ್ಗುಗಳು ಅಲ್ಲೇ ಬಿರಿದವು. ಹಡಗಲಿಗೆ ಮದುವೆಯಾಗಿ ಬಂದಾಗಿನಿಂದ ಆ ಹೂವನ್ನು ಮುಡಿದಿದ್ದೆ, ದೇವರಿಗೆ ಏರಿಸಿದ್ದೆ. ಹೀಗೆ ಕಟ್ಟಿಕೊಂಡಿರಲಿಲ್ಲ. ಹೂ ಮುಡಿದು ಕನ್ನಡಿಯ ಮುಂದೆ ನಿಲ್ಲುತ್ತಿದ್ದ ದಿನಗಳು ಬೇರೆ ಯಾರದೋ ಎನ್ನುವಂತೆ ಕಂಡವು.

ಮರುದಿನ ಎದುರುಮನೆಯವರು ಬಾಗಿಲು ಬಡಿದರು. ತೆಗೆಯುವವರೆಗೂ ಬಡಿದರು. "ಎಳೇ ಮಕ್ಕಳನ್ನ ಬಿಟ್ಟು ಹೆಂಗ ಇದ್ದೀರಿ ಟೀಚರ? ನನಗಾದ್ರ ಒಂದ್ ತುತ್ತು ಇಳೀತಿರಲಿಲ್ಲ" ಎಂದರು.

"ನನಗ ಇಳಿಯಾಕತ್ತೈತ್ರಿ" ಎಂದೆ. "ನಿದ್ದಿನೂ ಬರಾಕತ್ತೈತಿ. ಈಗ ಅದನ್ನ ಮಾಡ್ತಿದ್ದೆ." ಅವರು ಆಮೇಲೆ ಬಡಿಯಲಿಲ್ಲ.

ಅಷ್ಟು ಬಿರುಸಾಗಿ ಹೇಳಿದೆನಲ್ಲ, ಅದೇ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನಲ್ಲಿ ನಿಂತಿದ್ದೆ. ಕೂಡ್ಲಿಗಿಯಲ್ಲಿ ಫೋನು ಎತ್ತಿದವಳು ನಾದಿನಿ, ನಮ್ಮ ಮನೆಯವರ ತಂಗಿ. ಜವಳ ಚೆನ್ನಾಗಿ ಆಯಿತಂತೆ. ಮಗ ಮಾವನ ತೊಡೆಯ ಮೇಲೆ ಕಣ್ಣು ಮುಚ್ಚಿ ಸುಮ್ಮನೆ ಕೂತನಂತೆ, ಆಮೇಲೆ ತಲೆ ಮುಟ್ಟಿ ನೋಡಿಕೊಂಡು ಅತ್ತನಂತೆ.

"ಕೂಸು?" ಎಂದೆ.

"ರಾತ್ರೆಲ್ಲ ಅತ್ತಾಳ ಅತ್ತಿಗಿ. ಅವ್ವ ಹೆಗಲ ಮ್ಯಾಲ ಹಾಕ್ಕೊಂಡು ಅಂಗಳದಾಗ ತಿರುಗಿದ್ಲು."

"ನಾ ಬರ್ತೀನಿ. ಕೊನೀ ಬಸ್ಸೈತಿ."

ಆಚೆ ಫೋನು ಕೈ ಬದಲಾಯಿತು. ಅತ್ತೆಗೆ ಫೋನಿನಲ್ಲಿ ಮಾತಾಡಿ ರೂಢಿ ಇಲ್ಲ, ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು. "ನೀ ಬಂದ್ರ ಆಕಿ ಅತ್ತಿದ್ದೆಲ್ಲ ದಂಡ" ಎಂದರು. "ಮನಿಗೆ ಹೋಗು."

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಕೂಡ್ಲಿಗಿ ಬೋರ್ಡಿನ ಬಸ್ಸು ಬಂತು, ಮಂದಿ ಹತ್ತಿದರು, ಹೋಯಿತು. ನಾನು ಎರಡೂ ತೋಳುಗಳನ್ನು ಎದೆಗೆ ಒತ್ತಿ ಹಿಡಿದು ಅಲ್ಲೇ ಕೂತಿದ್ದೆ, ಹಾಲು ಇಳಿಯದಿರಲಿ ಎಂದು. ಆಮೇಲೆ ಎದ್ದು ಮನೆಗೆ ಬಂದೆ.

ಮೂರನೆಯ ದಿನ ನೋವು ಇಳಿಯುತ್ತಾ ಬಂತು, ಆಮೇಲೆ ಬಾಡಿದ ಹೂವು ತೆಗೆದಾಗ ಬಟ್ಟೆ ಒಣಗಿಯೇ ಇತ್ತು. ಆ ಉಳಿದ ದಿನಗಳಲ್ಲಿ ನಾನು ಮಲಗಿದೆ. ಅನ್ನಕ್ಕೆ ಉಪ್ಪಿನಕಾಯಿ ಕಲಸಿ ನಿಂತೇ ತಿಂದು ಮತ್ತೆ ಮಲಗಿದೆ. ತಲೆಗೆ ಎರೆದುಕೊಂಡು, ಕೂದಲು ಆರುವ ತನಕ ಹಿತ್ತಲಲ್ಲಿ ಕೂತೆ, ಯಾರೂ ಕರೆಯಲಿಲ್ಲ. ಬಹಳ ಸುಖವಾಗಿತ್ತು. ತಾಯಿಯಾದವಳು ಹೀಗೆ ಹೇಳಬಾರದು ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ, ಅವರು ನಿದ್ದೆ ಮಾಡಿದವರು.

ನಮ್ಮ ಮನೆಯವರು ಸಮುದ್ರದಿಂದ ಮೊದಲು ಬಂದರು, ಮೈಯೆಲ್ಲ ಕಪ್ಪಾಗಿ. ಜೋಗದಲ್ಲಿ ಬರೀ ಬಂಡೆ ಇತ್ತಂತೆ. ಗೆಳೆಯರ ಮಕ್ಕಳು ಉದ್ದಕ್ಕೂ ವಾಂತಿ ಮಾಡಿಕೊಂಡವಂತೆ, ಒಬ್ಬರ ಹೆಂಡತಿ ಲಾಡ್ಜಿನ ಕೋಣೆ ಬಿಟ್ಟು ಹೊರಗೇ ಬರಲಿಲ್ಲವಂತೆ. "ನೀ ಬರದಿದ್ದದ್ದ ಚಲೋ ಆತು" ಎಂದರು. ಆಮೇಲೆ ಚೀಲದಿಂದ ಉಸುಕು ಕೊಡವುತ್ತಾ, "ಆದ್ರ ನೀ ನೋಡ್ಬೇಕಿತ್ತು" ಎಂದರು.

ಮಾರನೆಯ ದಿನ ಹೊತ್ತು ಇಳಿಯುವಾಗ ಅತ್ತೆ ಬಂದರು. ಮಗ ಬೋಳುತಲೆಗೆ ಗಂಧ ಹಚ್ಚಿಸಿಕೊಂಡು, ಮಾವ ಕೊಡಿಸಿದ ಹೊಸ ಅಂಗಿಯಲ್ಲಿ ಓಡಿ ಬಂದು ನನ್ನ ಕಾಲು ತಬ್ಬಿಕೊಂಡ. ಮಗಳು ಅಜ್ಜಿಯ ಸೊಂಟದ ಮೇಲಿದ್ದಳು. ತಲೆ ನುಣ್ಣಗಾಗಿ ಕಿವಿಗಳು ದೊಡ್ಡವಾಗಿ ಕಾಣುತ್ತಿದ್ದವು. ನನ್ನನ್ನು ನೋಡಿದಳು, ಗುರುತು ಹಿಡಿದಳು, ಎರಡೂ ಕೈ ಚಾಚಿ ಬಂದಳು. ಎದೆಗೆ ಒರಗಿಸಿಕೊಂಡೆ. ಎಂದಿನ ಹಾಗೆ ಅವಳ ಕೈ ನನ್ನ ಕುಪ್ಪಸದ ಅಂಚಿಗೆ ಬಂತು. ಕೇಳಿದರೆ ಕೊಟ್ಟುಬಿಡುತ್ತೇನೆ, ಹಾಲಿಲ್ಲದಿದ್ದರೂ ಕೊಟ್ಟುಬಿಡುತ್ತೇನೆ ಎಂದುಕೊಂಡೆ. ಆ ಕೈ ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ತಾನಾಗಿಯೇ ತೆಗೆದುಕೊಂಡು ಅಜ್ಜಿಯ ಕಡೆ ತಿರುಗಿ, "ಅಜ್ಜೀ, ಬಿಕ್ಕೀತು" ಎಂದಳು.

ಅತ್ತೆ ಮಡಿಲಿನಿಂದ ಒಂದು ಬಿಸ್ಕೀಟು ತೆಗೆದು ಅವಳ ಕೈಗೆ ಕೊಟ್ಟರು. ಅವರ ಕಣ್ಣು ಗುಳಿ ಬಿದ್ದಿದ್ದವು, ಆ ವಾರ ಅವರು ಮಲಗಿರಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ನನ್ನ ಮುಖ ನೋಡಿ, ಕಾಲು ತೊಳೆದು ಬಂದು ಪಡಸಾಲೆಯಲ್ಲಿ ಕೂತರು. ಮಗಳು ಬಿಸ್ಕೀಟು ಚೀಪುತ್ತಾ ಹೋಗಿ ಅವರ ತೊಡೆಯ ಮೇಲೆ ಕೂತಳು.

ಊಟವಾದ ಮೇಲೆ ಅತ್ತೆ ಮಕ್ಕಳಿಬ್ಬರ ಹಾಸಿಗೆಯನ್ನೂ ತಮ್ಮ ಪಕ್ಕದಲ್ಲಿ ಹಾಸಿಕೊಂಡರು.

"ನೀ ಹೋಗಿ ಮಲಕ್ಕೋ" ಎಂದರು. "ಇನ್ನ ನಿನ್ನ ಯಾರೂ ಎಬ್ಬಸಂಗಿಲ್ಲ."

ಹೋಗಿ ಮಲಗಿದೆ. ಬೆಳಗಿನವರೆಗೂ ಯಾರೂ ಎಬ್ಬಿಸಲಿಲ್ಲ.